ನಕ್ಷೆಯಲ್ಲಿ ವಂಶದ ಹೆಜ್ಜೆ: ಐರ್ಲೆಂಡಿನ ಮೋಜಣಿ ದಾಖಲೆಗಳನ್ನು ಓದುವ ಬಗೆ

ವಿಮರ್ಶೆ ಎಂದೊಡನೆ ಕಾವ್ಯ, ನಾಟಕ, ಕಾದಂಬರಿಗಳು ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ವಾಡಿಕೆ. ಕಂದಾಯದ ಕಡತವನ್ನಾಗಲಿ ಮೋಜಣಿಯ ನಕ್ಷೆಯನ್ನಾಗಲಿ ಯಾರೂ ಸಾಹಿತ್ಯವೆಂದು ಕರೆಯಲಾರರು, ಕರೆಯಬೇಕಾಗಿಯೂ ಇಲ್ಲ. ಆದರೆ ಒಂದು ದೇಶದ ಲಕ್ಷಾಂತರ ಜನ ತಮ್ಮ ಮುತ್ತಜ್ಜಂದಿರ ಸುಳಿವನ್ನು ಹಿಡಿಯಲು ಬೇರೆ ಗತಿಯಿಲ್ಲದೆ ಅಂತಹ ಕಡತವನ್ನೇ, ಅಂತಹ ನಕ್ಷೆಯನ್ನೇ ಅಕ್ಷರ ಬಿಡದೆ ಓದುವಂತಾದರೆ, ಆ ಬರಹ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಯಾರ ಬಾಯಿಂದ ಹೇಳುತ್ತದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಆಗುತ್ತದೆ. ಐರ್ಲೆಂಡಿನ ಪಾಡು ಇಂತಹುದು. ಅಲ್ಲಿಯ ಹಳೆಯ ಭೂವಿಭಾಗದ ನಕ್ಷೆಗಳನ್ನು ಕುರಿತು ಎರಡು ಮಾತು ಬರೆಯಬೇಕೆಂದು ನಾವು ಹೊರಟಿರುವುದು ಈ ಕಾರಣದಿಂದ.

ಬೇರೆ ಗತಿಯಿಲ್ಲವೆಂದು ಏಕೆ ಹೇಳಿದೆವು? ಮನೆಮನೆಯ ಹೆಸರುಗಳನ್ನು ತಿಳಿಸುವ ದಾಖಲೆಯೆಂದರೆ ಜನಗಣತಿ. ಐರ್ಲೆಂಡಿನಲ್ಲಿ ೧೮೨೧ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದುದು ನಿಜ. ಮೊದಲ ನಾಲ್ಕು ಗಣತಿಗಳ ಮೂಲ ಹಾಳೆಗಳಲ್ಲಿ ಬಹುಭಾಗ ೧೯೨೨ರ ಜೂನ್ ೩೦ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸರಕಾರಿ ದಾಖಲೆಯ ಭಂಡಾರ ಸಿಡಿದು ಉರಿದಾಗ ಬೂದಿಯಾಯಿತು. ಮುಂದಿನ ನಾಲ್ಕಕ್ಕೆ ಬೆಂಕಿಯೂ ಬೇಕಾಗಲಿಲ್ಲ. ೧೮೬೧ ಮತ್ತು ೧೮೭೧ರ ಹಾಳೆಗಳನ್ನು ಲೆಕ್ಕ ತೆಗೆದೊಡನೆ ಸರಕಾರವೇ ನಾಶಮಾಡಿಸಿತು. ೧೮೮೧ ಮತ್ತು ೧೮೯೧ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಕಾಗದವಾಗಿ ಅರೆಯಲ್ಪಟ್ಟವು. ೧೯ನೆಯ ಶತಮಾನದ ಗಣತಿಗಳಲ್ಲಿ ಉಳಿದುದು ಚೂರುಪಾರು ಮಾತ್ರ; ಇಡಿಯಾಗಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು ೧೯೦೧ರದು. ಎಲ್ಲರ ಜನನಮರಣಗಳನ್ನು ಸರಕಾರವು ನೋಂದಾಯಿಸತೊಡಗಿದುದು ೧೮೬೪ರಿಂದ. ಅದಕ್ಕೆ ಮುಂಚೆ ಐರ್ಲೆಂಡಿನ ನೆಲದ ಮೇಲೆ ಮಹಾಕ್ಷಾಮವೊಂದು ಹಾದುಹೋಗಿದ್ದಿತು. ೧೮೪೧ರಲ್ಲಿ ೮೧ ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ ೧೮೫೧ರ ಹೊತ್ತಿಗೆ ೬೫ ಲಕ್ಷದಷ್ಟಕ್ಕೆ ಇಳಿದಿದ್ದಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕುಳಿತು ತಮ್ಮ ಮೂಲವನ್ನು ಅರಸುವವರು ಬಹುಮಟ್ಟಿಗೆ ಅಂಥವರ ಸಂತಾನ. ಅವರು ತಲುಪಬೇಕಾದ ಕಾಲವೂ ಕಾಗದ ಸುಟ್ಟ ಕಾಲವೂ ಒಂದೇ.

ಉಳಿದುದು ನೆಲದ ಕಾಗದ. ಮನುಷ್ಯರನ್ನು ಎಣಿಸಿದ ಹಾಳೆಗಳು ಅಳಿದವು, ಅವರು ಉತ್ತ ಭೂಮಿಗೆ ತೆರಿಗೆ ಕಟ್ಟಲೆಂದು ಬರೆದ ಹಾಳೆಗಳು ಉಳಿದವು! ಈ ವಿಪರ್ಯಾಸವನ್ನು ಯಾವ ಕವಿಯೂ ಕಲ್ಪಿಸಿದುದಲ್ಲ.

ಈ ಕಾಗದವನ್ನು ಓದಬೇಕಾದರೆ 'ಟೌನ್‌ಲ್ಯಾಂಡ್' ಎಂಬ ಮಾತು ಮೊದಲು ತಿಳಿಯಬೇಕು. ಹೆಸರಿನಲ್ಲಿ 'ಟೌನ್' ಇದ್ದರೂ ಅದು ಪಟ್ಟಣವಲ್ಲ. ಹೆಸರೂ ಎಲ್ಲೆಯೂ ಉಳ್ಳ ಒಂದು ತುಂಡು ನೆಲ. ಮನೆಗಳಿಲ್ಲದ ಟೌನ್‌ಲ್ಯಾಂಡುಗಳೂ ಉಂಟು. ದೇಶಕ್ಕೆ ನಾಲ್ಕು ಪ್ರಾಂತಗಳು, ೩೨ ಕೌಂಟಿಗಳು; ಕೌಂಟಿಯೊಳಗೆ ಬ್ಯಾರನಿ, ಬ್ಯಾರನಿಯೊಳಗೆ ಪ್ಯಾರಿಷ್, ಪ್ಯಾರಿಷಿನೊಳಗೆ ಟೌನ್‌ಲ್ಯಾಂಡ್; ಈ ಕೊನೆಯವು ದೇಶದಲ್ಲಿ ೬೦ ಸಾವಿರಕ್ಕೂ ಹೆಚ್ಚು. ಒಂದೆರಡು ಎಕರೆಯದೂ ಉಂಟು, ಹಲವು ಸಾವಿರ ಎಕರೆಯದೂ ಉಂಟು. ಈ ಅಸಮತೆಗೆ ಕಾರಣ, ಹಳೆಯ ಅಳತೆಗಳು ಉದ್ದಗಲವನ್ನಲ್ಲ, ನೆಲದ ಕಸುವನ್ನು ಹಿಡಿದು ಹುಟ್ಟಿದವು. ಉತ್ತರದ ಕೆಲವು ಕಡೆ ಅದಕ್ಕೆ 'ಬ್ಯಾಲಿಬೋ' ಎಂಬ ಹೆಸರಿದ್ದಿತು. ಹಸುವಿನ ನೆಲವೆಂದು ಅದರ ಅರ್ಥ. ಖಂಡುಗ ಬೀಜ ಬೀಳುವ ಗದ್ದೆಯೆಂದು ಹೊಲವನ್ನು ಅಳೆದ ನಮ್ಮ ಹಿರಿಯರಿಗೆ ಇದು ವಿಚಿತ್ರವಾಗಿ ತೋರುತ್ತಿರಲಿಲ್ಲ. ಬೆಟ್ಟದ ಬರಡಿನಲ್ಲಿ ಟೌನ್‌ಲ್ಯಾಂಡ್ ಹಿರಿದು, ಹಸುರು ಬಯಲಿನಲ್ಲಿ ಕಿರಿದು.

ಈ ಎಲ್ಲೆಗಳನ್ನು ಕಾಗದಕ್ಕೆ ಇಳಿಸುವ ಪ್ರಯತ್ನ ೧೭ನೆಯ ಶತಮಾನದಲ್ಲಿಯೇ ನಡೆಯಿತು. ಕ್ರಾಮ್‌ವೆಲನ ಯುದ್ಧದ ಬಳಿಕ, ಸೋತವರಿಂದ ಕಿತ್ತುಕೊಂಡ ಭೂಮಿಯನ್ನು ಸೈನಿಕರಿಗೂ ಸಾಲ ಕೊಟ್ಟವರಿಗೂ ಹಂಚಲೆಂದು ವಿಲಿಯಂ ಪೆಟ್ಟಿಯು ೧೬೫೫ರಿಂದ ನಡೆಸಿದ 'ಡೌನ್ ಸರ್ವೆ' ಅದು. ಅದರ ನಕ್ಷೆಗಳ ಗತಿಯೂ ಸ್ವಾರಸ್ಯವಾದುದು: ಮೂಲ ಪ್ರತಿಗಳು ೧೭೧೧ರಲ್ಲಿ ಸುಟ್ಟವು, ಬ್ಯಾರನಿ ನಕ್ಷೆಗಳ ಒಂದು ಕಟ್ಟು ಲಂಡನ್ನಿಗೆ ಹೋಗುವಾಗ ೧೭೦೭ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಪ್ಯಾರಿಸಿನ ಗ್ರಂಥಾಲಯದಲ್ಲಿ ಉಳಿದುಕೊಂಡಿತು. ಆದರೆ ಬಡ ಒಕ್ಕಲಿನ ವಂಶವನ್ನು ಅರಸುವವನಿಗೆ ಪೆಟ್ಟಿಯಿಂದ ದೊರೆಯುವುದು ಕಡಿಮೆ. ಅಲ್ಲಿರುವುದು ಭೂಮಿ ಕಳೆದುಕೊಂಡ ಧಣಿಯ ಹೆಸರು, ಪಡೆದುಕೊಂಡ ಧಣಿಯ ಹೆಸರು.

ನಮಗೆ ಮುಖ್ಯವಾದುದು ೧೮೨೪ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ. ಕೌಂಟಿಯ ತೆರಿಗೆಯನ್ನು ನ್ಯಾಯವಾಗಿ ಹಂಚಬೇಕಾದರೆ ಪ್ರತಿಯೊಂದು ಟೌನ್‌ಲ್ಯಾಂಡಿನ ಎಲ್ಲೆಯೂ ವಿಸ್ತೀರ್ಣವೂ ಗೊತ್ತಾಗಬೇಕೆಂಬುದು ಅದರ ಉದ್ದೇಶ. ಕರ್ನಲ್ ಥಾಮಸ್ ಕೋಲ್ಬಿಯ ನೇತೃತ್ವದಲ್ಲಿ ಇಡೀ ದೇಶವನ್ನು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಬರೆದರು. ಮೊದಲು ಡೆರಿ ಕೌಂಟಿಯ ಹಾಳೆಗಳು ೧೮೩೩ರಲ್ಲಿ ಹೊರಬಂದವು. ಕೊನೆಯ ಕೌಂಟಿಯಾದ ಕೆರಿಯವು ೧೮೪೬ರಲ್ಲಿ. ಅಂದರೆ ಕ್ಷಾಮಕ್ಕೆ ಮುಂಚಿನ ಐರ್ಲೆಂಡು, ತನ್ನ ಗುಡಿಸಲುಗಳೊಡನೆ, ಈ ಹಾಳೆಗಳಲ್ಲಿ ಹಿಡಿದಿಟ್ಟಂತೆ ನಿಂತಿದೆ. ಎಲ್ಲೆಗಳನ್ನು ಗುರುತಿಸುವ ಭಾರ ರಿಚರ್ಡ್ ಗ್ರಿಫಿತ್ ಎಂಬ ಎಂಜಿನಿಯರನದು. ಅವನ ಜನರಿಗೆ ಎಲ್ಲೆಯನ್ನು ನಡೆದು ತೋರಿಸಲು ಊರಿನವನೊಬ್ಬನನ್ನು ಗೊತ್ತುಮಾಡುತ್ತಿದ್ದರು. ಈ ಹಳ್ಳ ನಮ್ಮದು, ಆ ಬೇಲಿಯಾಚೆ ಅವರದು ಎಂದು ಅವನು ಹೇಳಿದುದೇ ನಕ್ಷೆಯ ಗೆರೆಯಾಯಿತು. ನಕ್ಷೆಯ ಕೆಳಗೆ ಅಧಿಕಾರಿಗಳ ಹೆಸರಿದೆ. ಈ ದಾರಿತೋರಕನ ಹೆಸರಿಲ್ಲ.

ಕೋಲ್ಬಿಯ ಮೋಜಣಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಭೂಗೋಳವನ್ನು ಕಲಿಸುವ ಮಿತ್ರರಿಗೆ ಅದು ಉಪಯೋಗವಾದೀತು. ಬಿಸಿಲಿಗೆ ಕಬ್ಬಿಣದ ಸರಳು ಹಿಗ್ಗಿ ಅಳತೆ ತಪ್ಪುವುದನ್ನು ತಡೆಯಲು ಕೋಲ್ಬಿಯು ಹಿತ್ತಾಳೆ ಮತ್ತು ಕಬ್ಬಿಣದ ಎರಡು ಸರಳುಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದು ಸರಿದೂಗಿಸುವಂತೆ ಮಾಡಿದನು. ಲಾಕ್ ಫಾಯ್ಲ್ ದಡದಲ್ಲಿ ೧೮೨೭–೨೮ರಲ್ಲಿ ಸುಮಾರು ಎಂಟು ಮೈಲಿಯ ಆಧಾರರೇಖೆಯನ್ನು ಅದರಿಂದ ಅಳೆದರು. ಭಾರತದ ಮಹಾ ತ್ರಿಕೋನ ಮೋಜಣಿಯ ಜಾರ್ಜ್ ಎವರೆಸ್ಟನು ೧೮೨೯ರಲ್ಲಿ ಐರ್ಲೆಂಡಿಗೆ ಹೋಗಿ ಆ ಕ್ರಮವನ್ನು ನೋಡಿ ಬಂದನು. ೧೮೪೧ರಲ್ಲಿ ಬೀದರಿನ ಬಳಿ, ೧೮೬೮ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಗಳನ್ನು ಅಳೆದುದು ಇದೇ ಬಗೆಯ ಸರಳುಗಳಿಂದ.

ಐರ್ಲೆಂಡಿಗೆ ಮರಳೋಣ. ನಕ್ಷೆಯ ಜೊತೆಗೆ ಓದಬೇಕಾದ ಪುಸ್ತಕವೆಂದರೆ ಗ್ರಿಫಿತನ ಮೌಲ್ಯಪಟ್ಟಿ. ೧೮೪೭ರಿಂದ ೧೮೬೪ರವರೆಗೆ ಕಂತುಕಂತಾಗಿ ಅಚ್ಚಾದ ಈ ಪಟ್ಟಿಯಲ್ಲಿ ಒಂದೊಂದು ಟೌನ್‌ಲ್ಯಾಂಡಿಗೂ ಕಂಬಸಾಲುಗಳಿವೆ: ನಕ್ಷೆಯ ಅಂಕಿ, ಅನುಭೋಗದಾರನ ಹೆಸರು, ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಮನೆಯೋ ಹೊಲವೋ ಕೊಟ್ಟಿಗೆಯೋ ಎಂಬ ವಿವರ, ವಿಸ್ತೀರ್ಣ, ಭೂಮಿಯ ಬೆಲೆ, ಕಟ್ಟಡದ ಬೆಲೆ. ಶುಷ್ಕವಾದ ಪುಸ್ತಕವೆಂದು ಮೊದಲ ನೋಟಕ್ಕೆ ತೋರುತ್ತದೆ. ಓದುವುದನ್ನು ಬಲ್ಲವನಿಗೆ ಹಾಗಲ್ಲ. ಒಂದೇ ಊರಿನಲ್ಲಿ ಮೂವರು ಜಾನ್ ಮರ್ಫಿಗಳಿದ್ದರೆ ಪಟ್ಟಿಗಾರನು ಒಬ್ಬನ ಮುಂದೆ ಕಂಸದಲ್ಲಿ 'ಪ್ಯಾಟ್' ಎಂದು ಬರೆದಿರುತ್ತಾನೆ. ಪ್ಯಾಟನ ಮಗ ಜಾನ್ ಎಂದು ಇದರ ಅರ್ಥ. ಕಂಸದೊಳಗಿನ ಆ ಒಂದು ಪದದಲ್ಲಿ ಒಂದು ತಲೆಮಾರು ಹಿಂದಕ್ಕೆ ಹೋದಂತಾಯಿತು! ಹಾಗೆಯೇ ಒಂದೇ ಅಂಕಿಯ ಮುಂದೆ ಹಲವು ಹೆಸರುಗಳನ್ನು ಒಂದು ದೊಡ್ಡ ಕಂಸವು ಕೂಡಿಸಿದ್ದರೆ, ಅವರು ಭೂಮಿಯನ್ನು ಕೂಡಿ ಹಿಡಿದವರು. ದಾಯಾದಿಗಳಾಗಿರುವ ಸಂಭವವೂ ಉಂಟು. ಸಂಭವವೆಂದೆವು, ನಿಶ್ಚಯವೆಂದಿಲ್ಲ. ಈ ಎರಡನ್ನು ಬೆರಸಿದವರ ವಂಶವೃಕ್ಷಗಳು ಎಷ್ಟೋ ಕಡೆ ಬೇರಿಲ್ಲದೆ ನಿಂತಿರುತ್ತವೆ.

ಅರಸುವವನ ದಾರಿ ಹೀಗೆ. ಬಾಸ್ಟನ್ನಿನ ಗೋರಿಕಲ್ಲಿನ ಮೇಲೋ ಹಳೆಯ ಪತ್ರದಲ್ಲಿಯೋ ಒಂದು ಊರ ಹೆಸರು, ಒಂದು ಕೌಂಟಿಯ ಹೆಸರು ದೊರೆಯುತ್ತದೆ. ೧೮೬೧ರಲ್ಲಿ ಅಚ್ಚಾದ ಟೌನ್‌ಲ್ಯಾಂಡುಗಳ ಅಕಾರಾದಿಯಲ್ಲಿ ಆ ಹೆಸರು ಯಾವ ಬ್ಯಾರನಿ, ಯಾವ ಪ್ಯಾರಿಷಿಗೆ ಸೇರಿದುದೆಂದು ನೋಡಬೇಕು. ಆಮೇಲೆ ಮೌಲ್ಯಪಟ್ಟಿಯಲ್ಲಿ ಮನೆತನದ ಹೆಸರು. ಅಲ್ಲಿಯ ಅಂಕಿಯಿಂದ ನಕ್ಷೆಯಲ್ಲಿ ಹೊಲ. ಅಲ್ಲಿಂದ ಮುಂದಕ್ಕೆ ಬರಲು, ಪಟ್ಟಿಯನ್ನು ತಿದ್ದುತ್ತ ಬಂದ ಕೈಬರಹದ ಪುಸ್ತಕಗಳಿವೆ. ಹಿಡುವಳಿ ಕೈಬದಲಾದಾಗ ಹಳೆಯ ಹೆಸರನ್ನು ಹೊಡೆದು, ಬಣ್ಣದ ಶಾಯಿಯಲ್ಲಿ ಹೊಸ ಹೆಸರನ್ನೂ ವರ್ಷವನ್ನೂ ಬರೆದಿದ್ದಾರೆ. ಪ್ಯಾಟ್ರಿಕನ ಹೆಸರು ಹೊಡೆದು ಮೇರಿ ಎಂದಾದರೆ ಅವನು ಸತ್ತು ವಿಧವೆಯು ನಿಂತಳೆಂದು ಊಹಿಸಬಹುದು. ಹೀಗೆಯೇ ನಡೆದು ೧೯೦೧ರ ಗಣತಿಯನ್ನು ಮುಟ್ಟಬಹುದು. ಹಿಂದಕ್ಕೆ ಹೋಗಲು ಚರ್ಚಿನ ದಶಮಾಂಶ ತೆರಿಗೆಗಾಗಿ ೧೮೨೩ರಿಂದ ೧೮೩೮ರ ನಡುವೆ ಬರೆದ ಪುಸ್ತಕಗಳಿವೆ. ಅಲ್ಲಿಯ ಎಕರೆ ಬಹುಮಟ್ಟಿಗೆ ಐರಿಷ್ ಎಕರೆ, ಇಂಗ್ಲಿಷ್ ಎಕರೆಯ ೧.೬೨ರಷ್ಟು, ಇದನ್ನು ಮರೆತವನಿಗೆ ಅಜ್ಜನ ಹತ್ತು ಎಕರೆ ಮೊಮ್ಮಗನ ಕಾಲಕ್ಕೆ ಹದಿನಾರಾದಂತೆ ಕಂಡು, ಇಲ್ಲದ ಐಶ್ವರ್ಯವೊಂದು ಕುಟುಂಬಕ್ಕೆ ಬಂದುಬಿಡುತ್ತದೆ.

ಪ್ರೆಸಿಡೆಂಟ್ ಕೆನೆಡಿಯ ಪ್ರಪಿತಾಮಹ ಪ್ಯಾಟ್ರಿಕ್ ಕೆನೆಡಿಯು ವೆಕ್ಸ್‌ಫರ್ಡ್ ಕೌಂಟಿಯ ಡಂಗನ್ಸ್‌ಟೌನಿನಿಂದ ೧೮೪೮ರಲ್ಲಿ ಹೊರಟವನು. ೧೯೬೩ರ ಜೂನಿನಲ್ಲಿ ಪ್ರೆಸಿಡೆಂಟನು ಅದೇ ಹಿಡುವಳಿಗೆ ಬಂದು, ಅಲ್ಲಿಯೇ ಉಳಿದಿದ್ದ ನಂಟರ ಮನೆಯಲ್ಲಿ ಚಹಾ ಕುಡಿದು ಹೋದನು. ಒಂದು ಕವಲು ಮಣ್ಣಿನಲ್ಲಿ ಉಳಿದಿದ್ದರೆ ಕೆಲಸ ಇಷ್ಟು ಹಗುರ. ಯಾರೂ ಉಳಿಯದವರಿಗೆ ಊರ ಹೆಸರೊಂದೇ ಆಧಾರ, ಹೆಸರಿನಲ್ಲಿಯೇ ತೊಡಕು.

ಏಕೆಂದರೆ ನಕ್ಷೆಯನ್ನು ಬರೆದವರ ಭಾಷೆ ಇಂಗ್ಲಿಷ್, ಊರುಗಳ ಭಾಷೆ ಐರಿಷ್. ಐರಿಷಿನಲ್ಲಿ ಚರ್ಚಿಗೆ ಒಂದು ಮಾತು, ಕಾಡಿಗೆ ಬೇರೊಂದು ಮಾತು. ಇಂಗ್ಲಿಷಿನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿ, ಎರಡನ್ನೂ 'ಕಿಲ್' ಎಂದು ಬರೆದರು. 'ಕಿಲ್' ಎಂದು ತೊಡಗುವ ಸಾವಿರಾರು ಹೆಸರುಗಳಲ್ಲಿ ಯಾವುದು ಚರ್ಚಿನ ಊರು, ಯಾವುದು ಕಾಡಿನ ಊರು ಎಂಬುದು ಇಂಗ್ಲಿಷ್ ಬರಹದಿಂದ ತಿಳಿಯದು. 'ಬ್ಯಾಲಿ' ಎಂದರೆ ಊರು ಅಥವಾ ಹಿಡುವಳಿ. (ನಮ್ಮ 'ಹಳ್ಳಿ'ಯನ್ನು ನೆನೆದು ಸಂಬಂಧ ಕಟ್ಟುವ ಉತ್ಸಾಹ ಕೆಲವರಿಗೆ ಬಂದೀತು, ಬೇಡ. ನಮ್ಮದು 'ಪಳ್ಳಿ'ಯಿಂದ ಬಂದುದು.) ವಲಸೆ ಹೋದವನು ಅಕ್ಷರ ಬಾರದವನು, ಬಂದರಿನ ಗುಮಾಸ್ತನು ಕೇಳಿದಂತೆ ಬರೆದನು, ಮೋಜಣಿಯವನು ಬೇರೆ ರೀತಿ ಕೇಳಿ ಬೇರೆ ರೀತಿ ಬರೆದನು. ಒಂದೇ ಊರು ಎರಡು ಕಾಗದಗಳಲ್ಲಿ ಎರಡು ಊರಾಯಿತು. ತನ್ನ ಊರಿನ ಹೆಸರನ್ನು ಬಸ್ಸಿನ ಹಲಗೆಯ ಮೇಲೆ ಇನ್ನೊಂದು ಲಿಪಿಯಲ್ಲಿ ದಿನವೂ ಓದುವ ಗಡಿನಾಡಿನ ವಿದ್ಯಾರ್ಥಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಕ್ಷೆಯು ಹೆಸರುಗಳನ್ನು ಕೊಂದಿತೆ? ಕೊಂದಿತೆಂಬುದು ಇಂದು ಬಹಳ ಜನರ ನಂಬಿಕೆ. ಅದನ್ನು ಬಲಪಡಿಸಿದುದು ಒಂದು ನಾಟಕ. ಬ್ರಯನ್ ಫ್ರೀಲನ 'ಟ್ರಾನ್ಸ್‌ಲೇಷನ್ಸ್' ೧೯೮೦ರ ಸೆಪ್ಟೆಂಬರಿನಲ್ಲಿ ಡೆರಿ ನಗರದ ಗಿಲ್ಡ್‌ಹಾಲಿನಲ್ಲಿ ಮೊದಲು ರಂಗವೇರಿತು. ೧೮೩೩ರ ಡೊನೆಗಾಲ್ ಕೌಂಟಿಯ ಬೈಲೆ ಬೆಗ್ ಎಂಬ ಕಲ್ಪಿತ ಊರು. ಕೊಟ್ಟಿಗೆಯೊಂದರಲ್ಲಿ ನಡೆಯುವ ಐರಿಷ್ ಶಾಲೆ. ಲ್ಯಾಟಿನ್, ಗ್ರೀಕ್ ಬಲ್ಲ ಕುಡುಕ ಉಪಾಧ್ಯಾಯ ಹ್ಯೂ. ಅವನ ಮಗ ಓಯೆನ್, ಮೋಜಣಿಯ ಸೈನಿಕರೊಡನೆ ದುಭಾಷಿಯಾಗಿ ಬಂದು, ಹುಟ್ಟೂರಿನ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸುವವನು. ಕೊನೆಗೆ ಲೆಫ್ಟಿನೆಂಟನೊಬ್ಬ ಕಾಣೆಯಾಗಲು, ದನಗಳನ್ನು ಕೊಲ್ಲುತ್ತೇವೆ, ಮನೆಗಳನ್ನು ಕೆಡವುತ್ತೇವೆ ಎಂದು ಕ್ಯಾಪ್ಟನ್ ಲ್ಯಾನ್ಸಿಯು ಅಬ್ಬರಿಸುತ್ತಾನೆ. ನಾಟಕವಾಗಿ ಇದು ಶ್ರೇಷ್ಠವಾದುದು. ರಂಗದ ಮೇಲೆ ಎಲ್ಲರೂ ಇಂಗ್ಲಿಷಿನಲ್ಲಿಯೇ ಮಾತನಾಡುತ್ತಿದ್ದರೂ ಯಾರು ಐರಿಷಿನಲ್ಲಿ ಮಾತನಾಡುತ್ತಿದ್ದಾರೆಂಬುದು ಪ್ರೇಕ್ಷಕನಿಗೆ ಕ್ಷಣಮಾತ್ರವೂ ಮರೆಯುವುದಿಲ್ಲ; ಇಂತಹ ತಂತ್ರ ಸಾಧಿಸುವುದು ಸುಲಭವಲ್ಲ.

ಆದರೆ ಚರಿತ್ರೆಯಾಗಿ? ಫ್ರೀಲನು ಆಧರಿಸಿದ ಗ್ರಂಥಗಳಲ್ಲೊಂದನ್ನು, ೧೯೭೫ರಲ್ಲಿ ಪ್ರಕಟವಾದ ಮೋಜಣಿಯ ಇತಿಹಾಸವನ್ನು, ಬರೆದ ಜೆ. ಎಚ್. ಆಂಡ್ರ್ಯೂಸನೇ ನಾಟಕದ ತಪ್ಪುಗಳನ್ನು ಎತ್ತಿ ತೋರಿಸಿದನು. ಒಕ್ಕಲೆಬ್ಬಿಸುವುದು ಮೋಜಣಿಯ ಸೈನಿಕರ ಕೆಲಸವಾಗಿರಲಿಲ್ಲ. ಅವರು ಕೋವಿಗೆ ಬಯನೆಟ್ಟು ಸಿಕ್ಕಿಸಿಕೊಂಡು ಹೊಲ ತುಳಿದವರೂ ಅಲ್ಲ. ಇದಕ್ಕಿಂತ ದೊಡ್ಡದೆಂದು ನಮಗೆ ತೋರುವ ಕೊರತೆ ಬೇರೊಂದಿದೆ. ನಾಟಕದಲ್ಲಿ ಹೆಸರುಗಳ ಹೊಣೆ ಅರೆಮನಸ್ಸಿನ ಓಯೆನನದು. ಚರಿತ್ರೆಯಲ್ಲಿ ಅದು ಜಾನ್ ಒಡೊನೊವನನದು. ಕಿಲ್ಕೆನಿಯ ರೈತನ ಮಗ, ೧೮೦೬ರಲ್ಲಿ ಹುಟ್ಟಿದವನು; ಹಳೆಯ ಐರಿಷಿನ ಮಹಾಪಂಡಿತ; ಮುಂದೆ ಐರ್ಲೆಂಡಿನ ಪ್ರಾಚೀನ ವಾರ್ಷಿಕ ವೃತ್ತಾಂತಗಳನ್ನು ಸಂಪಾದಿಸಿದವನು. ೧೮೩೦ರಲ್ಲಿ ಮೋಜಣಿಯ ಕೆಲಸಕ್ಕೆ ಸೇರಿ ಕೌಂಟಿಯಿಂದ ಕೌಂಟಿಗೆ ತಿರುಗಿದನು. ಪ್ರತಿಯೊಂದು ಹೆಸರಿಗೂ ಪುಸ್ತಕದಲ್ಲಿ ಒಂದು ಸ್ಥಳ: ಧಣಿಯು ಬರೆಯುವ ರೂಪ, ಪಾದ್ರಿಯು ಬರೆಯುವ ರೂಪ, ಹಳೆಯ ನಕ್ಷೆಯಲ್ಲಿರುವ ರೂಪ, ಅದರ ಜೊತೆಗೆ ಅವನು ಊರವರ ಬಾಯಿಂದ ಕೇಳಿ ನಿರ್ಣಯಿಸಿದ ಐರಿಷ್ ರೂಪ, ಅದರ ಅರ್ಥ. ಚಾಲ್ತಿಯಲ್ಲಿದ್ದ ಇಂಗ್ಲಿಷ್ ಬರಹಗಳಲ್ಲಿ ಮೂಲಕ್ಕೆ ಹತ್ತಿರವಾದುದನ್ನು ಆರಿಸಿ ನಕ್ಷೆಗೆ ಕೊಡುವುದು ಅವನ ಪದ್ಧತಿ. ನಕ್ಷೆಗೆ ಹೋದುದು ಒಂದು ರೂಪ; ಪುಸ್ತಕದಲ್ಲಿ ಉಳಿದುದು ಎಲ್ಲವೂ. ಚರ್ಚೋ ಕಾಡೋ ಎಂಬ ತಕರಾರನ್ನು ಇಂದು ಬಗೆಹರಿಸಲು ಹೊರಟವರು ಮೊದಲು ತೆರೆಯುವ ಸಾಕ್ಷ್ಯಗಳಲ್ಲಿ ಈ ಪುಸ್ತಕವೂ ಒಂದು.

ಹೀಗೆಂದು ಮೋಜಣಿಯನ್ನು ನಾವು ನಿರ್ದೋಷಿಯೆಂದು ಬಿಡುಗಡೆ ಮಾಡುವುದಿಲ್ಲ. ಒಡೊನೊವನನ ರೂಪಗಳು ಕೈಬರಹದಲ್ಲಿ ಮುಚ್ಚಿ ಕುಳಿತವು, ಅಚ್ಚಾಗಿ ಶಾಲೆಗೂ ಕಚೇರಿಗೂ ಹೋದುದು ಇಂಗ್ಲಿಷ್ ರೂಪ. ಊರುಗಳ ವೃತ್ತಾಂತವನ್ನೂ ಅಚ್ಚುಹಾಕಿಸಬೇಕೆಂಬ ಯೋಜನೆಯಲ್ಲಿ ಟೆಂಪಲ್‌ಮೋರ್ ಪ್ಯಾರಿಷಿನ ಸಂಪುಟವೊಂದು ೧೮೩೭ರಲ್ಲಿ ಹೊರಬಂತು. ಖರ್ಚು ಹೆಚ್ಚಾಯಿತೆಂದು ಸರಕಾರವು ಅಷ್ಟಕ್ಕೇ ಕೈಬಿಟ್ಟಿತು. ಅಳತೆಗೆ ಹಣವಿದ್ದಿತು, ನೆನಪಿಗೆ ಇರಲಿಲ್ಲ. ಫ್ರೀಲನು ಗೆಲ್ಲುವುದು ಇಲ್ಲಿ. ಅವನ ನಾಟಕದಲ್ಲಿ 'ಟೊಬರ್ ವ್ರೀ' ಎಂಬ ಕೂಡುದಾರಿಯ ಹೆಸರಿನ ಚರ್ಚೆಯೊಂದು ಬರುತ್ತದೆ. ಬ್ರಯನ್ ಎಂಬುವನೊಬ್ಬನು ಬಾವಿಯೊಂದರಲ್ಲಿ ಮುಳುಗಿ ಸತ್ತುದರಿಂದ ಬಂದ ಹೆಸರು ಅದು; ಬಾವಿ ಬತ್ತಿಹೋಗಿದೆ, ಕಥೆಯನ್ನು ಬಲ್ಲವನು ಓಯೆನನೊಬ್ಬನೆ. ಯಾರಿಗೂ ನೆನಪಿಲ್ಲದ ಬ್ರಯನನಿಗಾಗಿ ಹೆಸರನ್ನು ಉಳಿಸಬೇಕೆ ಎಂದು ಅವನು ಕೇಳುತ್ತಾನೆ. ಉಳಿಸಬೇಕೆನ್ನುವವನು ಇಂಗ್ಲಿಷ್ ಲೆಫ್ಟಿನೆಂಟ್. ಬಯನೆಟ್ಟಿನ ವಿಷಯದಲ್ಲಿ ತಪ್ಪಿದ ನಾಟಕಕಾರನು ಬಾವಿಯ ವಿಷಯದಲ್ಲಿ ತಪ್ಪಲಿಲ್ಲ. ಈ ನಾಟಕವನ್ನು ಪಾಠ ಹೇಳುವವರು ಕ್ಯಾಪ್ಟನನ ಅಬ್ಬರಕ್ಕೆ ಕಡಿಮೆ ಹೊತ್ತು, ಈ ಸಂಭಾಷಣೆಗೆ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇನ್ನು ದಾಖಲೆಯ ಮೌನ. ಮೌಲ್ಯಪಟ್ಟಿಯಲ್ಲಿ ಇರುವುದು ಅನುಭೋಗದಾರನ ಹೆಸರು ಮಾತ್ರ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಅಣ್ಣನ ಮನೆಯಲ್ಲಿ ದುಡಿದ ತಮ್ಮನಿಲ್ಲ, ಆಳುಮಗನಿಲ್ಲ. ೧೮೪೭ರಲ್ಲಿ ಹೊರಟುಹೋದವನ ಕೌಂಟಿಗೆ ಪಟ್ಟಿಗಾರನು ೧೮೫೫ರಲ್ಲಿ ಬಂದರೆ, ಆ ಸಂಸಾರ ಆ ಊರಿನಲ್ಲಿ ಎಂದೂ ಇರಲೇ ಇಲ್ಲವೆಂಬಂತೆ ಪುಸ್ತಕವು ಸುಮ್ಮನಿರುತ್ತದೆ. ಪಟ್ಟಿಯ ಅಂಕಿಗಳೂ ನಿರಪರಾಧಿಗಳಲ್ಲ. ೧೮೪೩ರ ಕಾಯಿದೆಯಂತೆ ೪ ಪೌಂಡಿಗಿಂತ ಕಡಿಮೆ ಬೆಲೆಯ ಹಿಡುವಳಿಯ ಬಡವರ ತೆರಿಗೆಯನ್ನು ಧಣಿಯೇ ತೆರಬೇಕಾಗಿದ್ದಿತು; ಆದುದರಿಂದ ಅಂತಹ ಗುಡಿಸಲನ್ನು ಕೆಡವಿಸಿದರೆ ಧಣಿಗೆ ಉಳಿತಾಯ. ೧೮೪೭ರ ಇನ್ನೊಂದು ಕಾಯಿದೆಯಂತೆ ಕಾಲು ಎಕರೆಗಿಂತ ಹೆಚ್ಚು ಭೂಮಿಯಿದ್ದವನಿಗೆ ಗಂಜಿಯ ನೆರವಿಲ್ಲ. ಹಸಿದವನು ಹೊಲವನ್ನು ಬಿಟ್ಟುಕೊಟ್ಟು ಅನ್ನಕ್ಕೆ ಕೈಯೊಡ್ಡಬೇಕು. ಇವೆರಡು ಗೊತ್ತಿಲ್ಲದೆ ಪಟ್ಟಿಯಲ್ಲಿ 'ಭೂಮಿ' ಎಂದು ಮಾತ್ರ ಬರೆದ, ಮನೆಯಿಲ್ಲದ, ದೊಡ್ಡ ಹಿಡುವಳಿಯೊಂದನ್ನು ಕಂಡವನು ಅದನ್ನು ಹುಲ್ಲುಗಾವಲೆಂದು ದಾಟಿಹೋಗುತ್ತಾನೆ. ಅದೇ ಟೌನ್‌ಲ್ಯಾಂಡಿನ ೧೮೩೦ರ ದಶಕದ ಆರಂಗುಲದ ಹಾಳೆಯನ್ನು ತೆಗೆದು ಪಕ್ಕದಲ್ಲಿ ಹಾಸಿದರೆ, ಅಲ್ಲಿ ಮನೆಗಳ ಗುಂಪೊಂದು ಕಾಣಿಸೀತು. ಆದುದರಿಂದ ಒಂದು ನಕ್ಷೆಯನ್ನು ಓದಿದವನು ಏನನ್ನೂ ಓದಿದಂತಲ್ಲ. ಎರಡು ಕಾಲದ ಎರಡು ಹಾಳೆಗಳ ನಡುವೆ ಏನು ಕಳೆದುಹೋಗಿದೆಯೋ ಅದು ಕುಟುಂಬದ ಕಥೆ. ಮೌಲ್ಯಪಟ್ಟಿಯೊಡನೆ ಇಂದು ಕಂಪ್ಯೂಟರಿನಲ್ಲಿ ತೋರಿಸುವ ನಕ್ಷೆಗಳು ಹಲವೆಡೆ ಪಟ್ಟಿಗಿಂತ ಈಚೆಗೆ ತಿದ್ದಿದವು, ಅಂಕಿಗಳು ಹೊಂದುವುದಿಲ್ಲ. ಅವಸರದವರು ಅಜ್ಜನನ್ನು ಪಕ್ಕದ ಮನೆಯವನ ಹೊಲದಲ್ಲಿ ನಿಲ್ಲಿಸಿ ಚಿತ್ರ ತೆಗೆಸಿಕೊಂಡು ಬರುವುದೂ ಉಂಟು.

ಮೇಯೊ ಕೌಂಟಿಯ ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಎಂಬ ಬೆಟ್ಟದ ಬುಡದ ಊರಿದೆ. 'ದೊಡ್ಡ ಬೆಟ್ಟ'ವೆಂದೇ ಅದರ ಅರ್ಥ. ೧೮೩೮ರ ಹಾಳೆಯಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮನೆಗಳು ದಾರಿಯುದ್ದಕ್ಕೂ ಕಪ್ಪು ಚುಕ್ಕೆಗಳಾಗಿ ನಿಂತಿವೆ. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಒಂದು ಮೈಲಿಯುದ್ದಕ್ಕೂ ಸೂರಿಲ್ಲದ ಕಲ್ಲುಗೋಡೆಗಳು, ಅವುಗಳ ಸುತ್ತ ಆಲೂಗೆಡ್ಡೆ ಬೆಳೆಯುತ್ತಿದ್ದ ಏರಿಗಳ ಗುರುತು. ಊರು ಬಿಟ್ಟವರಲ್ಲಿ ಕೆಲವರು ಕಡಲದಡದ ಡೂವಾದಲ್ಲಿ ನೆಲಸಿದರು. ಅಲ್ಲಿಂದ ಬೇಸಗೆಯಲ್ಲಿ ದನಗಳನ್ನು ಮೇಯಿಸಲು ಹಳೆಯ ಮನೆಗಳಿಗೆ ಬರುವ ವಾಡಿಕೆಯನ್ನು ೨೦ನೆಯ ಶತಮಾನದವರೆಗೂ ಉಳಿಸಿಕೊಂಡಿದ್ದರು. ಡೂವಾದಲ್ಲಿ ತನ್ನ ಮುತ್ತಜ್ಜನ ಹೆಸರನ್ನು ಕಂಡು ಹುಡುಕಾಟ ಮುಗಿಯಿತೆಂದು ಪುಸ್ತಕ ಮುಚ್ಚುವವನು ಇನ್ನೊಂದು ಹಾಳೆಯನ್ನು ತಿರುವಬೇಕು. ಅವನ ಮನೆಯ ಗೋಡೆ ಬೆಟ್ಟದ ಮೇಲೆ ಇನ್ನೂ ನಿಂತಿರಬಹುದು.